ಗ್ಯಾರೇಜಿನ ಬಾರ್ಲಿ

ಯಜಮಾನರು ಮನೆಯಲ್ಲೇ ಬಿಯರ್ ಮಾಡುತ್ತಿದ್ದರು. ಅದಕ್ಕೆ ಬೇಕಾದ, ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್ ಬಾರ್ಲಿಯನ್ನು ಮೂಟೆಗಟ್ಟಲೆ ತಂದು ಕ್ರೈಸ್ಟ್‌ಚರ್ಚ್ ಊರಿನ ನಮ್ಮ ಮನೆಯ ಗ್ಯಾರೇಜಿನ ಡ್ರಮ್ಮಿಗೆ ತುಂಬಿಡುತ್ತಿದ್ದರು.

"ಮುಚ್ಚಳ ಟೈಟಾಗಿರ್ಬೇಕು ಕಣೇ, ಗಾಳಿಯಾಡಿದ್ರೆ ಕಾಳು ಮೆತ್ತಗಾಗಿ ಬಿಯರ್‌ಗೆ ಬರಲ್ಲ" ಎನ್ನುತ್ತಿದ್ದರು.

"ನಂಗೆ ಸ್ಕೂಲಲ್ಲಿ ಕಲಿಸಿದ ಕಾನ್ವೆಂಟ್ ಸಿಸ್ಟರ್ಸ್ ಇದನ್ನ ನೋಡಿದ್ರೆ ಫೇಂಟ್ ಆಗ್ತಾರೆ ರೀ" ಎಂದು ನಾನು ರೇಗಿಸುತ್ತಿದ್ದೆ.

ಅವರು ತೀರಿಕೊಂಡ ಮೇಲೆ ನಾನು ದಿನವೂ ಆ ಮುಚ್ಚಳ ತೆಗೆದು ಒಳಗೆ ಮುಖವಿಟ್ಟು ನಿಲ್ಲುತ್ತಿದ್ದೆ. ಅವರ ಕಾರ್ಡಿಗನ್ ಒಗೆದಾಗಿತ್ತು. ಅವರ ವಾಸನೆ ಉಳಿದದ್ದು ಅಲ್ಲಿ ಮಾತ್ರ.

ಮೊನ್ನೆ ಮಗಳು, ಅಪ್ಪನ ಬಾರ್ಲಿಯಲ್ಲೇ ಕೊನೆಯದಾಗಿ ಒಮ್ಮೆ ಬಿಯರ್ ಮಾಡುತ್ತೇನೆಂದು ಬಂದು, ಒಂದು ಕಾಳು ಕಚ್ಚಿ ನೋಡಿದಳು.

"ಸಾಫ್ಟ್ ಆಗೋಗಿದೆ ಮಮ್ಮಿ. ಯಾರು ಓಪನ್ ಮಾಡಿದ್ದು?"

"ನಾನೇ ಕಣೇ."

ಅವಳು ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು. "ಪಕ್ಕದ್ಮನೆ ಕೋಳಿಗಳಿಗೆ ಕೊಟ್ಬಿಡೋಣ್ವಾ?"

"ಕೊಡೋಣ. ಇವತ್ತು ಬೇಡ" ಎಂದೆ.