ಸರೋಜಕ್ಕನ ‘ಚಲೋ’ ಹುಡುಗ

ಸರೋಜಕ್ಕ ಯಾರ ಮನೆಗೆ ಕಾಲಿಟ್ಟರೂ ಮೊದಲು ಕೇಳುತ್ತಿದ್ದುದು ಬಚ್ಚಲು ಎಲ್ಲಿದೆ ಅಂತ. ನೀರು ಬೇಡ, ಚಹಾ ಬೇಡ, ಕೂರುವುದೂ ಬೇಡ. ಒಳಗೆ ಹೋಗಿ ಒಂದಿಷ್ಟು ಹೊತ್ತು ಸದ್ದಿಲ್ಲದೆ ಇದ್ದು, ಹೊರಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುವಷ್ಟರಲ್ಲಿ ಆ ಮನೆಗೆ ಹೆಣ್ಣು ಕೊಡಬಹುದೋ ಬಾರದೋ ಎನ್ನುವ ತೀರ್ಪು ತಯಾರು. “ಪಡಸಾಲ್ಯಾಗ ಎಲ್ಲಾರೂ ಶಾಣ್ಯಾರ ಇರ್ತಾರ. ಬಚ್ಚಲದಾಗ ಗೊತ್ತಾಗ್ತದ ನೋಡು,” ಎನ್ನುತ್ತಿದ್ದರು.

ಧಾರವಾಡದವರು. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ಗಂಡನ ಜೊತೆ ದಿಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಅಲ್ಲಿನ ಮುನಿರ್ಕಾ ಬಡಾವಣೆಯಲ್ಲೇ ಉಳಿದರು. ನಾನು ಬಾಡಿಗೆಗಿದ್ದ ಕೋಣೆ ಅವರ ಮನೆಯ ಮೇಲಿತ್ತು. ದಿಲ್ಲಿ ಕನ್ನಡಿಗರ ಅರ್ಧ ಮದುವೆಗಳು ತಮ್ಮಿಂದಲೇ ಆದವು ಅಂತ ಹೇಳಿಕೊಳ್ಳುತ್ತಿದ್ದರು. ಮುರಿದುಬಿದ್ದವೆಲ್ಲ ಉಳಿದರ್ಧಕ್ಕೆ ಸೇರಿದವಂತೆ.

ಆಮೇಲೆ ಮದುವೆಯ ವೆಬ್‌ಸೈಟುಗಳು ಬಂದವು. ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿ, ನಮ್ಮ ಹುಡುಗಿಗೊಂದು ಸಂಬಂಧ ನೋಡಿ ಎನ್ನುತ್ತಿದ್ದ ಮನೆಗಳವರು ಅವರ ಫೋನ್ ಎತ್ತುವುದನ್ನೇ ಬಿಟ್ಟರು. ಸರೋಜಕ್ಕನಿಗೆ ಹೊಟ್ಟೆ ಉರಿದುಹೋಯಿತು. ಫೋಟೋದಲ್ಲಿ ಬಚ್ಚಲು ಕಾಣುತ್ತದೇನು ಅಂತ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ನೋಯ್ಡಾದ ಸಾಫ್ಟ್‌ವೇರ್ ಕಂಪನಿಯವನು. ಅವರ ಲೆಕ್ಕದಲ್ಲಿ ಇಂಟರ್ನೆಟ್ಟಿನ ಪಾಪಗಳಿಗೆಲ್ಲ ನಾನೇ ಜವಾಬ್ದಾರ.

ನಿಜ ಹೇಳಬೇಕೆಂದರೆ ಆ ವೆಬ್‌ಸೈಟು ನನಗೂ ಏನೂ ಕಿಸಿದಿರಲಿಲ್ಲ. ನನಗೆ ಹೇಳಿಮಾಡಿಸಿದ ಜೋಡಿ ಎಂದು ಅದು ತೋರಿಸಿದ್ದು ನನ್ನ ಸ್ವಂತ ಚಿಕ್ಕಪ್ಪನ ಮಗಳನ್ನು. ಇದನ್ನು ಕೇಳಿ ಸರೋಜಕ್ಕ ನಕ್ಕು ನಕ್ಕು ಸುಸ್ತಾದರು. ಆಮೇಲೆ ಗಂಭೀರವಾಗಿ, “ನಿಂದೊಂದು ಮದುವಿ ಮಾಡಿಸಿ ತೋರಸ್ತೇನಿ. ಆಗಲಿಲ್ಲಂದ್ರ ಈ ಕೆಲಸಾನ ಬಿಟ್ಟಬಿಡ್ತೇನಿ,” ಅಂದರು.

ಅವರು ಹುಡುಕಿದ ಹುಡುಗಿ ಗ್ರೇಟರ್ ನೋಯ್ಡಾದವಳು. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಕನ್ನಡ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಮಾತೆಲ್ಲ ಹಿಂದಿ. ಸರೋಜಕ್ಕ ಶಾಸ್ತ್ರೋಕ್ತವಾಗಿ ನನ್ನ ಬಚ್ಚಲು ನೋಡಿದರು. ಹಿಂದಿನ ದಿನವೇ ಫಿನಾಯಿಲ್ ಸುರಿದು ತಿಕ್ಕಿದ್ದೆ, ಪಾಸಾದೆ. ಹುಡುಗಿ ವಾಟ್ಸಾಪಿನಲ್ಲಿ, ‘ಆಂಟೀ, ಲಡ್ಕಾ ಕೈಸಾ ಹೈ?’, ಹುಡುಗ ಹೇಗೆ ಅಂತ ಕೇಳಿದಳು. ಮೊದಲಾಗಿದ್ದರೆ ಸರೋಜಕ್ಕ ಬಸ್ಸು ಹತ್ತಿ ಹೋಗಿ, ಎದುರು ಕೂತು, ಕಣ್ಣರಳಿಸಿ, ಕೈ ತಿರುವಿ, ತಾಸುಗಟ್ಟಲೆ ನನ್ನನ್ನು ಹೊಗಳುತ್ತಿದ್ದರು. ಈಗ ತಾವೂ ಹೊಸ ಕಾಲದವರೇ ಎಂದು ತೋರಿಸಬೇಕಿತ್ತಲ್ಲ! ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಿ, ಒಂದೇ ಪದ ಕಳಿಸಿದರು: ‘ಚಲೋ’.

ಧಾರವಾಡದಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಹುಡುಗ ಒಳ್ಳೆಯವನು, ಕಣ್ಣುಮುಚ್ಚಿ ಒಪ್ಪಿಕೋ ಅಂತ ಅರ್ಥ. ದಿಲ್ಲಿಯ ಹುಡುಗಿ ಅದನ್ನು ಹಿಂದಿಯಲ್ಲಿ ಓದಿಕೊಂಡಳು: ನಡಿ, ಮುಂದಿನದು ನೋಡು. ನೋಡಿದಳು. ಸ್ವಲ್ಪ ದಿನದಲ್ಲೇ ವೆಬ್‌ಸೈಟಿನಲ್ಲಿ ಬೇರೊಬ್ಬನನ್ನು ಒಪ್ಪಿಯೂಬಿಟ್ಟಳು. ನೀವೇ ಬಿಡು ಅಂದಿರಲ್ಲ ಆಂಟೀ ಎಂದು ಫೋನಿನಲ್ಲಿ ಅವಳು ಹೇಳಿದಾಗ ಸರೋಜಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ, ಅವರು ನಗಲಿಲ್ಲ. “ನನ್ನ ಮಾತು ನನಗ ಮುಳುವಾತಲ್ಲೋ ತಮ್ಮಾ,” ಅಂದರು. ಅಂದಿನಿಂದ ಯಾರ ಸಂಬಂಧಕ್ಕೂ ಬಾಯಿ ಹಾಕಲಿಲ್ಲ. ಇನ್ನೊಂದು ಹುಡುಗಿ ನೋಡಿ ಅಂತ ನಾನು ಎಷ್ಟು ಗೋಗರೆದರೂ ಕೇಳಲಿಲ್ಲ.

ಕೊನೆಗೆ ಅದೇ ದರಿದ್ರ ವೆಬ್‌ಸೈಟಿನಲ್ಲಿ, ಈ ಸಲ ನನಗೆ ತಂಗಿಯಾಗದ ಒಬ್ಬ ಹುಡುಗಿ ಸಿಕ್ಕಳು. ಸರೋಜಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ನಮ್ಮ ಮದುವೆಯಲ್ಲೇ. ಆಮೇಲೆ ಧಾರವಾಡದ ತಂಗಿಯ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಮದುವೆಯ ದಿನ ಅವರು ಆಡಿದ ಮಾತು ಮಾತ್ರ ಮರೆತಿಲ್ಲ. ಸಂಬಂಧ ಕೂಡಿಸಿದವರಿಗೆ ಮದುವೆಯಲ್ಲಿ ಸೀರೆ ಕೊಡುವುದು ನಮ್ಮ ಮನೆಯ ಪದ್ಧತಿ. ಅಮ್ಮ ರೂಢಿಯಂತೆ ಒಂದು ರೇಷ್ಮೆ ಸೀರೆ ತಂದುಬಿಟ್ಟಿದ್ದಳು. ಯಾರಿಗೆ ಕೊಡುವುದೆಂದು ತೋಚದೆ ತಟ್ಟೆಯಲ್ಲಿಟ್ಟು ಸರೋಜಕ್ಕನ ಮುಂದೆ ಹಿಡಿದಳು. ಅವರು ಸೆರಗು ಬಿಡಿಸಿ ನೋಡಿದರು, ಜರಿಯನ್ನು ಬೆರಳಿನಿಂದ ಸವರಿದರು, ಮತ್ತೆ ನೀಟಾಗಿ ಮಡಚಿ ತಟ್ಟೆಗಿಟ್ಟರು. ಆಮೇಲೆ ಊಟಕ್ಕೆ ಕೂತ ಪಂಕ್ತಿಗಳ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಅಮ್ಮನನ್ನು ಕೇಳಿದರು:

“ಕೂಡಿಸಿದವರು ಊಟಕ್ಕ ಬಂದಿಲ್ಲೇನ್ರಿ?”