ಗೋಪುರದವರ ಅನುಮಾನ

ಮಹಡಿ ಮನೆಯ ಯಜಮಾನರಿಗೆ ಕಿವಿ ಮಂದವೆಂದೇ ನಾನು ಬಹಳ ದಿನ ತಿಳಿದಿದ್ದೆ. ಯಾರು ಏನು ಹೇಳಿದರೂ ಇನ್ನೊಮ್ಮೆ ಹೇಳಿಸದೆ ಬಿಡುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಅವರು ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು, ಕಿವಿ ಮೊಲದಷ್ಟು ಚುರುಕು. ಹೆಂಡತಿ "ಒಲೆ ಆರಿಸಿದೀನಿ ರೀ" ಎಂದರೆ "ಯಾವ ಒಲೆ?" ಎನ್ನುತ್ತಾರೆ. "ಪಕ್ಕದ್ಮನೇದನ್ನ ಆರಿಸಿ ಬರ್ತೀನಾ?" ಎಂದು ಆಕೆ ಸಿಡುಕಿದರೂ ಅಡುಗೆಮನೆಗೆ ಹೋಗಿ ನೋಡಿಯೇ ಬರುತ್ತಾರೆ. ರಸ್ತೆ ದಾಟುವಾಗ ಮಗಳು "ಬಸ್ಸು ಕಾಣಿಸ್ತಪ್ಪಾ" ಎಂದರೆ "ಯಾವ ಬಸ್ಸು? ಬಣ್ಣ ಹೇಳು" ಎಂದು ಅವಳ ಕೈಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಇದಕ್ಕೆಲ್ಲ ಕಾರಣ ಒಂದು ಪುಟ್ಟ ವಿಮಾನ. "ಎದುರಿಗೆ ದೊಡ್ಡ ವಿಮಾನ ಇಳೀತಿದೆ, ಕಾಣಿಸ್ತಾ?" ಎಂದು ಇವರು ಕೇಳಿದಾಗ ಅದರ ಪೈಲಟ್ಟು "ಕಾಣಿಸ್ತು ಸಾರ್" ಎಂದನಂತೆ, ಇವರು ನಂಬಿ ಅದರ ಹಿಂದೆಯೇ ಇಳಿಯಲು ಅವನಿಗೆ ದಾರಿ ಬಿಟ್ಟರು. ಅವನು ಕಂಡದ್ದು ಆ ದೊಡ್ಡದರ ಹಿಂದೆ ದೂರದಲ್ಲಿ ಬರುತ್ತಿದ್ದ ಇನ್ನೊಂದನ್ನು. ಮುಂದಿದ್ದ ದೊಡ್ಡದು ಅವನ ತಲೆ ಸವರಿಕೊಂಡೇ ಹೋಯಿತು. ಅದರಿಂದ ಇಳಿದ ಪ್ರಯಾಣಿಕರು ಪೆಟ್ಟಿಗೆ ಬರುವುದು ತಡವಾಯಿತೆಂದು ಕೂಗಾಡುತ್ತಿದ್ದರೆ, ಇವರು ಗಾಜಿನಾಚೆ ನಿಂತು ಒಂದೊಂದೇ ಮುಖವನ್ನು ನೋಡುತ್ತಿದ್ದರಂತೆ. ಮೊನ್ನೆ ನಾನು ಸಮಾಧಾನ ಹೇಳಲು ಹೋಗಿ, "ಅಷ್ಟು ದೊಡ್ಡ ಆಕಾಶದಲ್ಲಿ ಡಿಕ್ಕಿ ಹೊಡೀಬೇಕಂದ್ರೆ ಹುಡುಕ್ಕೊಂಡು ಹೋಗ್ಬೇಕು, ಅಲ್ವಾ?" ಎಂದೆ. ಅವರು ನನ್ನನ್ನೇ ಅನುಮಾನದಿಂದ ನೋಡಿದರು. "ಆಕಾಶ ದೊಡ್ಡದೇ ಸ್ವಾಮಿ. ಇಳಿಯೋ ದಾರಿ ಒಂದೇ."