ಎಲುಬು ಅಂಟುವ ನಾಲಗೆ

ಬೇಲೆಕೇರಿಯ ಹುಲಿಯಾ ಕೂಲಿಗೆ ಹೋಗುತ್ತಿದ್ದದ್ದು ಹಾರೆ ಹೊತ್ತು, ಆದರೆ ಹೆಸರಾದದ್ದು ನಾಲಗೆಯಿಂದ. ಹಳೇ ಕಾಲದ ಗೋರಿ ಅಗೆಸಿ ಸಂಶೋಧನೆ ಮಾಡುವವರಿಗೆ ಕೈಗೆ ಸಿಕ್ಕ ಚೂರು ಕಲ್ಲೋ ಎಲುಬೋ ತಿಳಿಯದಿದ್ದರೆ ಅವನನ್ನು ಕೂಗುತ್ತಿದ್ದರು. ಅವನು ಅದನ್ನು ನಾಲಗೆಗೆ ತಾಗಿಸುವನು. ಕಲ್ಲಾದರೆ ಜಾರುತ್ತದೆ, ಹಳೇ ಎಲುಬಾದರೆ ಗಪ್ಪನೆ ಅಂಟುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ.

ಹೆಂಡತಿ ಗಂಗಿ ಮಾತ್ರ ಅಂಗಳದಲ್ಲೇ ತಡೆಯುತ್ತಿದ್ದಳು. "ಇವತ್ತು ಯಾರ ಮೊಣಕಾಲು ನೆಕ್ಕಂಡ್ ಬಂದ್ರಿ? ಬಾಯಿ ತೊಳೀದೆ ಒಳಗೆ ಬರೂದು ಬ್ಯಾಡ."

ಎರಡು ಸಾವಿರದ ಏಳರಲ್ಲಿ ಅಂಕೋಲೆಯ ಹತ್ತಿರದ ಅಗೆತಕ್ಕೆ ರೂಪಾಲಿ ಅಕ್ಕೋರು ಬಂದರು. ಎಲುಬಿನೊಳಗಿನ ಡಿಎನ್‌ಎ ತೆಗೆದು, ಸತ್ತವರು ಯಾರ ಪೈಕಿ ಎಂದು ಹುಡುಕುವುದು ಅವರ ಕೆಲಸ. ನಮ್ಮ ಕಡೆಯ ಸೆಕೆ, ಮಳೆ, ಕೆಂಪು ಮಣ್ಣು ಸೇರಿ ಆ ಡಿಎನ್‌ಎಯನ್ನು ಮೊದಲೇ ತಿಂದು ಮುಗಿಸಿರುತ್ತವಂತೆ. ಆದರೂ ಮೂರು ಗೋರಿಯ ಮೂರು ಎಲುಬು ಲ್ಯಾಬಿಗೆ ಹೋದವು. ಉತ್ತರ ಬಂತು: ಮೂವರೂ ಒಬ್ಬನೇ ಗಂಡಸು, ಡಿಎನ್‌ಎ ಒಂಚೂರೂ ಹಳಸಿಲ್ಲ.

"ಒಬ್ಬನೇ ಮೂರು ಗೋರಿಲಿ ಹ್ಯಾಂಗೆ ಮಲಗ್ತಾ?" ಎಂದ ಮೇಸ್ತ್ರಿ ಮಾಬ್ಲ.

ಎಲ್ಲರೂ ತಿರುಗಿ ನೋಡಿದರು. ಹುಲಿಯಾನ ನಾಲಗೆಗೆ ಆಗಲೇ ನಾಲ್ಕನೆಯ ಎಲುಬು ಅಂಟಿ ನೇತಾಡುತ್ತಿತ್ತು.

ಅದನ್ನು ಬಿಡಿಸಿಕೊಂಡು ಅವನೆಂದ, "ನಾ ಬರೀ ತಾಗಸ್ತೆ ಅಕ್ಕೋರೆ, ನುಂಗೂದಿಲ್ಲ."

"ಉಗುಳಲ್ಲೂ ಡಿಎನ್‌ಎ ಇರ್ತದೆ. ನಾಳೆಯಿಂದ ತಾಗಿಸೋದೂ ಬೇಡ ಹುಲಿಯಾ."

ಎಲುಬಲ್ಲಿ ಸಿಕ್ಕಿದ್ದು ಯಾರದೆಂದು ತಾಳೆ ನೋಡಲು ಅಕ್ಕೋರು ಎಲ್ಲರ ಉಗುಳನ್ನೂ ನಳಿಗೆಯಲ್ಲಿ ಹಿಡಿದರು. ಎಲ್ಲರಿಗೂ ಕೈಗವಸು, ಬಾಯಿಗೆ ಬಟ್ಟೆ. ಹುಲಿಯಾ ಬುಟ್ಟಿ ಹೊರುವವನಾದ. ಬುಟ್ಟಿ ಹೊರಲು ಊರಲ್ಲಿ ನೂರು ಜನ ಇದ್ದರು, ಅಂಥ ನಾಲಗೆ ಇದ್ದದ್ದು ಒಂದೇ. ಅನ್ನ ಸೇರಲಿಲ್ಲ ಅವನಿಗೆ.

ಉಳಿದವರು ಬೆವರು ಸುರಿಸುತ್ತ ಆರಿಸಿದ ಹನ್ನೊಂದು ಚೂರು ಲ್ಯಾಬಿಗೆ ಹೋದವು. ಹತ್ತು ಕಲ್ಲು. ಹನ್ನೊಂದನೆಯದು ಎಲುಬು ಹೌದು, ಅದರಲ್ಲಿದ್ದವನು ಮಾಬ್ಲ.

"ನಾ ಬಟ್ಟೆ ಇಳಿಸಿ ಒಂದೇ ಒಂದು ಸಲ ಸೀನಿದ್ದು!" ಎಂದ ಮಾಬ್ಲ.

ಮರುದಿನ ಅಕ್ಕೋರು ಹುಲಿಯಾನ ಅಂಗಳಕ್ಕೇ ಬಂದರು. "ಒಂದು ದಾರಿ ಇದೆ. ಚೂರಿನ ತುದಿ ಮುರಿದು ನಿಮಗೆ ಕೊಡ್ತೇನೆ. ಅದು ಅಂಟಿದರೆ ಉಳಿದದ್ದು ಲ್ಯಾಬಿಗೆ. ನೀವು ಮಾತ್ರ ಗೋರಿಯಿಂದ ಇಪ್ಪತ್ತು ಮಾರು ದೂರ ನಿಲ್ಲಬೇಕು."

ಹುಲಿಯಾ ಇಪ್ಪತ್ತೈದು ಮಾರು ದೂರ ನಿಂತ. ತುದಿ ಅಂಟಿತು. ತಿಂಗಳ ಮೇಲೆ ಉತ್ತರ ಬಂತು.

ಅಕ್ಕೋರ ಮುಖ ಬಾಡಿತ್ತು. "ಎಲುಬು ನಿಜ. ಒಳಗೆ ಯಾರೂ ಉಳಿದಿಲ್ಲ."

"ನಾನೂ ಇಲ್ವಾ?"

"ನೀವೂ ಇಲ್ಲ. ಹೀಗೇ ಮಾಡೋಣ. ನಾಳೆ ಬೇಗ ಬನ್ನಿ, ಮುಂದಿನ ಗೋರಿ ತೆಗೀಬೇಕು."

ಹುಲಿಯಾ ಓಡುತ್ತಲೇ ಮನೆ ಮುಟ್ಟಿದ. "ಗಂಗೀ, ಎಲುಬಲ್ಲಿ ನಾ ಇಲ್ಲ ಅಂತೆ!"

ಗಂಗಿ ನೀರಿನ ಚೊಂಬು ಮುಂದೆ ಮಾಡಿದಳು. "ಎಲುಬಲ್ಲಿ ನೀವಿಲ್ದಿದ್ರೆ ಎಂತಾ ಆಯ್ತು, ನಿಮ್ಮ ಬಾಯಲ್ಲಿ ಎಲುಬು ಇತ್ತಲ್ಲ. ತೊಳೀರಿ."